ಹೊಸ ಅಕ್ರಿಲಿಕ್ ಅಕ್ವೇರಿಯಂ: ಬೆಸುಗೆಯ ಗುಣ ಗುರುತಿಸುವುದು ಹೇಗೆ?

ಹೆಗ್ಗೋಡು (ಸಾಗರ ತಾಲ್ಲೂಕು): ಮೀನುಗಳನ್ನು ಹತ್ತಿರದಿಂದ ನೋಡಬೇಕೆನ್ನಿಸಿದರೆ ಮಲೆನಾಡಿನವರು ಹಿಂದೆ ನದಿಯ ದಂಡೆಗೆ ಹೋಗುತ್ತಿದ್ದರು. ತೀರ್ಥಹಳ್ಳಿ ಸಮೀಪದ ಸಿಬ್ಬಲಗುಡ್ಡೆಯಲ್ಲಿ ತುಂಗಾ ನದಿಯ ಮೀನುಗಳಿಗೆ ಮಂಡಕ್ಕಿ ಎರಚಿ ಸಂತೋಷಪಡುವ ವಾಡಿಕೆ ಇಂದಿಗೂ ಉಂಟು. ಬೆಂಗಳೂರಿನವರಿಗೆ 1983ರಲ್ಲಿ ತೆರೆದ ಕಬ್ಬನ್ ಉದ್ಯಾನದ ಮತ್ಸ್ಯಾಲಯ ದೊರೆಯಿತು. 2021ರ ಜುಲೈ 1ರಂದು ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಸುರಂಗ ಮಾದರಿಯ ಅಕ್ವೇರಿಯಂ ಆರಂಭವಾಯಿತು. ಮೀನುಗಳ ನಡುವೆ ನಡೆದಾಡಿದಂಥ ಅನುಭವ ಹೀಗೆ ಪ್ರಯಾಣಿಕರಿಗೂ ಒದಗಿತು. ಈಗ ಅದೇ ಆಸೆ ಮನೆಯ ನಡುಮನೆಗೂ ಬಂದಿದೆ. ಗಾಜಿನ ತೊಟ್ಟಿಗಳ ಜತೆಗೆ ಅಕ್ರಿಲಿಕ್ ತೊಟ್ಟಿಗಳೂ ಮಾರುಕಟ್ಟೆಯಲ್ಲಿವೆ.

ನೀನಾಸಂ ರಂಗಚಟುವಟಿಕೆಗಳಿಂದ ನಾಡಿಗೆಲ್ಲ ಪರಿಚಿತವಾದ ಹೆಗ್ಗೋಡಿನ ಮನೆಯೊಂದಕ್ಕೆ ಬೆಂಗಳೂರಿನಿಂದ 4 ಅಡಿ ಉದ್ದದ ಹೊಸ ಅಕ್ರಿಲಿಕ್ ತೊಟ್ಟಿಯೊಂದು ಬಂದಿಳಿಯಿತೆಂದು ಭಾವಿಸೋಣ. ಹೊದಿಕೆ ಬಿಚ್ಚಿ ನೋಡಿದರೆ ತಳದ ಮೂಲೆಯಲ್ಲಿ ಸಾಲಾಗಿ ಸಣ್ಣ ಗುಳ್ಳೆಗಳು. ಮಾರಾಟಗಾರರನ್ನು ವಿಚಾರಿಸಿದರೆ 'ಅದೆಲ್ಲ ಸಾಮಾನ್ಯ' ಎಂಬ ಉತ್ತರ. ನಂಬಿ ನೀರು ತುಂಬಬೇಕೋ, 300 ಕಿ.ಮೀ.ಗೂ ಹೆಚ್ಚು ದೂರಕ್ಕೆ ಹಿಂದಿರುಗಿಸಬೇಕೋ? ಸಾಮಾನ್ಯ ಗುಳ್ಳೆಯೂ ಉಂಟು, ಅಪಾಯದ ಗುಳ್ಳೆಯೂ ಉಂಟು. ಅವೆರಡನ್ನು ಬೇರ್ಪಡಿಸಿ ನೋಡುವ ಕ್ರಮವನ್ನು ಗ್ರಾಹಕರು ತಿಳಿದಿರುವುದು ಒಳ್ಳೆಯದು. ಮೀನು ಬಿಟ್ಟ ಮೇಲೆ ಬೆಸುಗೆಯ ದೋಷ ಕಂಡರೆ ತೊಟ್ಟಿಯನ್ನು ಹಿಂದಿರುಗಿಸುವ ಮಾತು ಬಲು ಕಷ್ಟದ್ದು.

ಬರ್ಲಿನ್ ನಗರದ ದುರಂತ

ಅಕ್ರಿಲಿಕ್ ಒಡೆಯುವುದಿಲ್ಲ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2022ರ ಡಿಸೆಂಬರ್ 16ರ ಬೆಳಗಿನ ಜಾವ. ಜರ್ಮನಿಯ ರಾಜಧಾನಿ ಬರ್ಲಿನ್ನಿನ ಹೋಟೆಲೊಂದರ ಹಜಾರದಲ್ಲಿದ್ದ 'ಅಕ್ವಾಡೋಮ್' ಎಂಬ ಬೃಹತ್ ಅಕ್ರಿಲಿಕ್ ಅಕ್ವೇರಿಯಂ ಅಂದು ಸಿಡಿಯಿತು. ಸುಮಾರು 10 ಲಕ್ಷ ಲೀಟರ್ ನೀರು ರಸ್ತೆಯವರೆಗೂ ನುಗ್ಗಿತು. ಅದರಲ್ಲಿದ್ದ ಸುಮಾರು 1,500 ಮೀನುಗಳ ಪೈಕಿ ಹೆಚ್ಚಿನವು ಸತ್ತವು. ಇಬ್ಬರಿಗೆ ಗಾಯಗಳಾದವು. ಜನರ ಓಡಾಟವಿಲ್ಲದ ಹೊತ್ತಾದ್ದರಿಂದ ಪ್ರಾಣಹಾನಿ ತಪ್ಪಿತು.

2023ರ ಅಕ್ಟೋಬರ್‌ನಲ್ಲಿ ಹೊರಬಂದ ತಜ್ಞರ ವರದಿಯು ಖಚಿತ ಕಾರಣವನ್ನು ಹೇಳಲಾಗದೆ ಮೂರು ಸಾಧ್ಯತೆಗಳನ್ನು ಮುಂದಿಟ್ಟಿತು. ಅಕ್ರಿಲಿಕ್ ಫಲಕಗಳ ನಡುವಿನ ಅಂಟುಬೆಸುಗೆ ಬಿಟ್ಟಿರಬಹುದು ಎಂಬುದು ಅವುಗಳಲ್ಲೊಂದು. ತಳಭಾಗದಲ್ಲಿ ಉಂಟಾಗಿದ್ದ ಕಚ್ಚು ಮತ್ತೊಂದು. ನವೀಕರಣದ ಅವಧಿಯಲ್ಲಿ ನೀರಿಲ್ಲದೆ ಇದ್ದಾಗ ಅಕ್ರಿಲಿಕ್ ಒಣಗಿದ್ದು ಮೂರನೆಯದು. ಮನೆಯ ತೊಟ್ಟಿಗೂ ಅಕ್ವಾಡೋಮಿಗೂ ಗಾತ್ರದಲ್ಲಿ ಹೋಲಿಕೆಯಿಲ್ಲ. ಆದರೆ ಬೆಸುಗೆ, ಕಚ್ಚು ಮತ್ತು ಅಕ್ರಿಲಿಕ್ ಒಳಗಿನ ಒತ್ತಡ ಎಂಬ ಮೂರು ಸಂಗತಿಗಳು ಎರಡಕ್ಕೂ ಸಮಾನ.

ಗಾಜಿಗೂ ಅಕ್ರಿಲಿಕ್‌ಗೂ ಇರುವ ಅಂತರ

ಅಕ್ರಿಲಿಕ್‌ನ ರಾಸಾಯನಿಕ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಅದು 1930ರ ದಶಕದಲ್ಲಿ ಪ್ಲೆಕ್ಸಿಗ್ಲಾಸ್, ಪರ್ಸ್ಪೆಕ್ಸ್ ಮುಂತಾದ ಹೆಸರುಗಳಿಂದ ಮಾರುಕಟ್ಟೆಗೆ ಬಂತು. ತೂಕದಲ್ಲಿ ಗಾಜಿನ ಅರ್ಧದಷ್ಟು. ಬೆಳಕಿನ ಶೇ 92ರಷ್ಟನ್ನು ತನ್ನ ಮೂಲಕ ಹಾಯಲು ಬಿಡುತ್ತದೆ. ಪೆಟ್ಟನ್ನು ಗಾಜಿಗಿಂತ ಚೆನ್ನಾಗಿ ತಾಳುತ್ತದೆ. ಆದರೆ ಬೇಗ ಗೀರು ಬೀಳುತ್ತದೆ. ಒಂದೇ ದಪ್ಪದ ಗಾಜಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬಾಗುತ್ತದೆ. ಶಾಖಕ್ಕೆ ಹಿಗ್ಗುವುದೂ ಹೆಚ್ಚು: 1 ಮೀಟರ್ ಉದ್ದದ ಹಾಳೆ 10 ಡಿಗ್ರಿ ಸೆಲ್ಷಿಯಸ್ ಏರಿಕೆಗೆ ಸುಮಾರು 0.7 ಮಿ.ಮೀ. ಹಿಗ್ಗಿದರೆ ಗಾಜು 0.1 ಮಿ.ಮೀ.ಗಿಂತ ಕಡಿಮೆ. ಈ ಬಾಗುವಿಕೆ ಮತ್ತು ಹಿಗ್ಗುವಿಕೆಯ ಭಾರವೆಲ್ಲ ಕೊನೆಗೆ ಬೀಳುವುದು ಬೆಸುಗೆಯ ಮೇಲೆ.

ಗಾಜಿನ ತೊಟ್ಟಿಯ ಫಲಕಗಳನ್ನು ಸಿಲಿಕೋನ್ ಅಂಟು ಹಿಡಿದಿಡುತ್ತದೆ. ಅಕ್ರಿಲಿಕ್‌ಗೆ ಸಿಲಿಕೋನ್ ಭದ್ರವಾಗಿ ಕೂರುವುದಿಲ್ಲ. ಇಲ್ಲಿ ನಡೆಯುವುದು ಬೆಸುಗೆ. ಎರಡು ಫಲಕಗಳ ಅಂಚುಗಳನ್ನು ಕೂಡಿಸಿ, ಸೂಜಿಯ ಮೂಲಕ ತೆಳುವಾದ ದ್ರಾವಕವನ್ನು ಹಾಯಿಸಿದಾಗ ಅಂಚುಗಳು ಕರಗಿ ಒಂದರೊಳಗೊಂದು ಬೆರೆಯುತ್ತವೆ. ದ್ರಾವಕ ಆವಿಯಾದ ಮೇಲೆ ಎರಡೂ ಒಂದೇ ಫಲಕದಂತಾಗುತ್ತವೆ. ಡೈಕ್ಲೋರೋಮೀಥೇನ್ ಈ ಕೆಲಸಕ್ಕೆ ಬಳಕೆಯಾಗುವ ಮುಖ್ಯ ದ್ರಾವಕ. ನಾಮಫಲಕ ತಯಾರಿಸುವ ಅಂಗಡಿಗಳಲ್ಲಿ ಕ್ಲೋರೋಫಾರ್ಮ್ ಬಳಕೆಯೂ ಉಂಟು. ದಪ್ಪ ಹಾಳೆಯ ದೊಡ್ಡ ತೊಟ್ಟಿಗಳಿಗೆ ಎರಡು ದ್ರವಗಳನ್ನು ಬೆರೆಸಿ ಸುರಿಯುವ, ತಾನೇ ಅಕ್ರಿಲಿಕ್ ಆಗಿ ಗಟ್ಟಿಯಾಗುವ ಅಂಟನ್ನು ಉಪಯೋಗಿಸುತ್ತಾರೆ.

ಖರೀದಿಗೆ ಮುನ್ನ ತಯಾರಕರಿಗೆ ಮೂರು ಪ್ರಶ್ನೆ ಕೇಳಬೇಕು. ಹಾಳೆ ಕಾಸ್ಟ್ ಮಾದರಿಯದೋ, ಎಕ್ಸ್‌ಟ್ರೂಡೆಡ್ ಮಾದರಿಯದೋ? ಎರಕದಿಂದ ಮಾಡಿದ ಕಾಸ್ಟ್ ಹಾಳೆ ದ್ರಾವಕವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಅಚ್ಚಿನಿಂದ ಒತ್ತಿ ತೆಗೆದ ಎಕ್ಸ್‌ಟ್ರೂಡೆಡ್ ಹಾಳೆ ಬೆಸುಗೆಯ ಬಳಿ ಬಿರುಕು ಬಿಡುವ ಸಂಭವ ಹೆಚ್ಚು. ಬೆಸೆಯುವ ಅಂಚನ್ನು ಯಾವುದರಿಂದ ಕತ್ತರಿಸಿದ್ದಾರೆ? ಲೇಸರ್‌ನಿಂದ ಕತ್ತರಿಸಿದ ಅಥವಾ ಬೆಂಕಿಯ ಜ್ವಾಲೆಯಿಂದ ಹೊಳಪುಗೊಳಿಸಿದ ಅಂಚು ನೋಡಲು ಅಂದ. ಆದರೆ ಅದರಲ್ಲಿ ಶಾಖದ ಒತ್ತಡ ಉಳಿದಿರುತ್ತದೆ. ದ್ರಾವಕ ತಾಗಿದಾಗ ಅದು ಬಿರುಕಾಗಿ ಹೊರಬರುತ್ತದೆ. ಗರಗಸದಿಂದ ಕತ್ತರಿಸಿ, ಯಂತ್ರದಿಂದ ಸಮತಟ್ಟಾಗಿ ಹೆರೆದ ಅಂಚೇ ಬೆಸುಗೆಗೆ ಯೋಗ್ಯ. ಬೆಸುಗೆ ಹಾಕಿ ಎಷ್ಟು ದಿನವಾಯಿತು ಎಂಬುದು ಮೂರನೆಯ ಪ್ರಶ್ನೆ. ಕೈಯಲ್ಲಿ ಎತ್ತುವಷ್ಟು ಗಟ್ಟಿಯಾಗಲು ಕೆಲವು ಗಂಟೆ ಸಾಕಾದರೂ ಪೂರ್ಣ ಬಲ ಬರಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು.

ನೀರಿನ ಭಾರದ ಲೆಕ್ಕ

ಯಾವ ಬೆಸುಗೆಯನ್ನು ಹೆಚ್ಚು ಎಚ್ಚರದಿಂದ ನೋಡಬೇಕು ಎಂಬುದನ್ನು ಸರಳ ಲೆಕ್ಕವೊಂದು ತಿಳಿಸುತ್ತದೆ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ತೊಟ್ಟಿ ಅಂಚಿನವರೆಗೆ ತುಂಬಿದರೆ 324 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 324 ಕಿಲೋ. ಇದಲ್ಲದೆ ಮುಂಭಾಗದ ಫಲಕವನ್ನು ನೀರು ಸುಮಾರು 216 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ನೀರಿನ ಎತ್ತರವನ್ನು 45 ಸೆಂ.ಮೀ.ಗೆ ಇಳಿಸಿದರೆ ಈ ಬಲ ಸುಮಾರು 122 ಕಿಲೋಗೆ ಇಳಿಯುತ್ತದೆ. ತೊಟ್ಟಿಯ ಉದ್ದಕ್ಕಿಂತ ನೀರಿನ ಎತ್ತರವೇ ಬೆಸುಗೆಗೆ ದೊಡ್ಡ ಪರೀಕ್ಷೆ.

ಒತ್ತಡ ಅತಿ ಹೆಚ್ಚಾಗಿರುವುದು ತಳದಲ್ಲಿ. ಮುಂಭಾಗದ ಫಲಕ ಹೊರಕ್ಕೆ ಬಾಗಿದಾಗ ತಳದ ಬೆಸುಗೆಯ ಒಳಮಗ್ಗುಲು ಸೀಳಿಕೊಳ್ಳುವಂತೆ ಎಳೆತಕ್ಕೆ ಒಳಗಾಗುತ್ತದೆ. ಆದ್ದರಿಂದ ಉದ್ದನೆಯ ಫಲಕಗಳು ತಳವನ್ನು ಸೇರುವ ಎರಡು ಗೆರೆಗಳು, ಅದರಲ್ಲಿಯೂ ಅವುಗಳ ಒಳಮಗ್ಗುಲು, ಪರಿಶೀಲನೆಯಲ್ಲಿ ಮೊದಲನೆಯವು. ಮೂರು ಫಲಕಗಳು ಕೂಡುವ ನಾಲ್ಕು ತಳಮೂಲೆಗಳು ಎರಡನೆಯವು. ಫಲಕಗಳು ಬಾಗದಂತೆ ಬಾಯಿಯ ಸುತ್ತ ಹಿಡಿದಿಡುವ ಮೇಲ್ಪಟ್ಟಿಯ ಬೆಸುಗೆ ಮೂರನೆಯದು. ಈ ಪಟ್ಟಿಯಲ್ಲಿ ಕೊರೆದ ಕಿಂಡಿಯ ಒಳಮೂಲೆಗಳು ದುಂಡಗಿರಬೇಕು. ಚೂಪಾದ ಮೂಲೆಯಿಂದ ಬಿರುಕು ಹುಟ್ಟುವುದು ಸುಲಭ.

ಒಣ ತೊಟ್ಟಿಯ ಪರೀಕ್ಷೆ

ಬೇಕಾಗುವ ಸಲಕರಣೆ ಒಂದು ಟಾರ್ಚ್, ಒಂದು ಅಳತೆಪಟ್ಟಿ ಮತ್ತು ಫೋಟೊ ತೆಗೆಯಲು ಮೊಬೈಲ್ ಫೋನ್. ಕೋಣೆಯ ಬೆಳಕನ್ನು ತಗ್ಗಿಸಿ, ಬೆಸುಗೆಯ ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಡಬೇಕು. ಎದುರಿನಿಂದ ನೋಡಿದರೆ ಕಾಣದ ದೋಷ ಓರೆಬೆಳಕಿನಲ್ಲಿ ಬೆಳ್ಳಿಯಂತೆ ಹೊಳೆಯುತ್ತದೆ.

ಒಳ್ಳೆಯ ದ್ರಾವಕ ಬೆಸುಗೆ ತಿಳಿನೀರಿನಂತೆ ಪಾರದರ್ಶಕವಾಗಿರುತ್ತದೆ. ಎರಡು ಫಲಕ ಕೂಡಿದ ಜಾಗದಲ್ಲಿ ಗೆರೆ ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿ ಕಾಣುತ್ತದೆ. ಎರಡು ದ್ರವದ ಅಂಟಿನ ಬೆಸುಗೆ ಇದಕ್ಕಿಂತ ದಪ್ಪ. ಅದರಲ್ಲಿ ಗೆರೆ ಕಂಡರೆ ದೋಷವಲ್ಲ. ಆ ಗೆರೆ ಉದ್ದಕ್ಕೂ ಒಂದೇ ಅಗಲವಾಗಿರಬೇಕು. ನಂತರ ಒಳಮೂಲೆಯ ಉದ್ದಕ್ಕೂ ಬೆರಳಿನ ಉಗುರನ್ನು ಎಳೆಯಬೇಕು. ಉಗುರು ಸಂದಿನಲ್ಲಿ ಸಿಕ್ಕಿಕೊಂಡರೆ ಅಲ್ಲಿ ಬೆಸುಗೆ ತುಂಬಿಲ್ಲ ಎಂದರ್ಥ.

ಹೊಸ ತೊಟ್ಟಿಯ ಒಳಮೂಲೆಗೆ ಸಿಲಿಕೋನ್ ಬಳಿದಿದ್ದರೆ ಕಾರಣ ಕೇಳಬೇಕು. ಅದು ಬೆಸುಗೆಗೆ ಬಲ ಕೊಡುವುದಿಲ್ಲ, ಅಡಿಯಲ್ಲಿರುವ ದೋಷವನ್ನು ಮರೆಮಾಡಬಲ್ಲದು. ಒಳಮೂಲೆಗೆ ಅಕ್ರಿಲಿಕ್‌ನದೇ ತ್ರಿಕೋನಪಟ್ಟಿ ಬೆಸೆದಿದ್ದರೆ ಮಾತು ಬೇರೆ. ಆಗ ಪಟ್ಟಿಯ ಎರಡೂ ಬೆಸುಗೆಗಳನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬೇಕು.

ಗುಳ್ಳೆ: ಯಾವುದು ಕ್ಷಮ್ಯ, ಯಾವುದು ಅಪಾಯ?

ಗುಳ್ಳೆ ಎಂದರೆ ಅಷ್ಟು ಜಾಗದಲ್ಲಿ ಬೆಸುಗೆ ಇಲ್ಲ ಎಂದರ್ಥ. ಸಾಸಿವೆಗಿಂತ ಸಣ್ಣದಾದ, ಒಂದಕ್ಕೊಂದು ದೂರದಲ್ಲಿರುವ, ಬೆಸುಗೆಯ ನಡುವೆ ಸಿಕ್ಕಿಕೊಂಡಿರುವ ಗುಳ್ಳೆಗಳು ಕೈಯಿಂದ ಮಾಡಿದ ಕೆಲಸದಲ್ಲಿ ಸಹಜ. ಅವುಗಳಿಂದ ಅಂದಕ್ಕೆ ಕುಂದೇ ಹೊರತು ಬಲಕ್ಕಲ್ಲ. ಹೊರಮೈ ಮೇಲೆ ದ್ರಾವಕ ಜಿನುಗಿದ ಕಲೆ, ಹೊರ ಅಂಚಿನ ಮೇಲಿನ ಗರಗಸದ ಗುರುತು ಇವೂ ಅದೇ ವರ್ಗಕ್ಕೆ ಸೇರಿದವು.

ಗುಳ್ಳೆಗಳು ಸಾಲುಗಟ್ಟಿದ್ದರೆ ಅಥವಾ ಒಂದರೊಳಗೊಂದು ಸೇರಿ ಎಲೆಯಾಕಾರದ ಬೆಳ್ಳಿಮಚ್ಚೆಯಾಗಿದ್ದರೆ ಅನುಮಾನಿಸಬೇಕು. ಫಲಕಗಳ ಅಂಚು ಸಮನಾಗಿ ಕೂರದೆ ದ್ರಾವಕ ಅಲ್ಲಿಗೆ ತಲುಪದಿದ್ದಾಗ ಇಂಥ ಮಚ್ಚೆ ಉಳಿಯುತ್ತದೆ. ಅಳತೆಪಟ್ಟಿ ಹಿಡಿದು ನೋಡಿ: 12 ಮಿ.ಮೀ. ದಪ್ಪದ ಹಾಳೆಯಲ್ಲಿ ಮಚ್ಚೆ 4 ಮಿ.ಮೀ. ಒಳಗೆ ಚಾಚಿದ್ದರೆ ಭಾರ ಹೊರಲು ಉಳಿದದ್ದು 8 ಮಿ.ಮೀ. ಮಾತ್ರ. ಮಚ್ಚೆ ನೀರಿನ ಕಡೆಯಿಂದಲೇ ಆರಂಭವಾಗಿದ್ದರೆ ಅದು ಕಚ್ಚಿನಂತೆ ವರ್ತಿಸುತ್ತದೆ; ಎಳೆತವೆಲ್ಲ ಅದರ ತುದಿಯಲ್ಲಿ ಒಟ್ಟಾಗಿ ಸೀಳು ಮುಂದುವರಿಯಬಹುದು. ಅಷ್ಟೇ ಗಾತ್ರದ ಮಚ್ಚೆ ಹೊರ ಅಂಚಿನಲ್ಲಿದ್ದರೆ ಅಪಾಯ ಕಡಿಮೆ.

ಒಳಮೈಯಿಂದ ಹೊರಮೈವರೆಗೆ ಹಾಯ್ದ ಮಚ್ಚೆ, ತಳಮೂಲೆಯಲ್ಲಿ ಗುಂಪುಗೂಡಿದ ಗುಳ್ಳೆಗಳು, ದಪ್ಪದ ಅರ್ಧದಷ್ಟನ್ನು ತಿಂದ ಉದ್ದನೆಯ ಬೆಳ್ಳಿಪಟ್ಟಿ, ಒಂದರ ಮೇಲೊಂದು ಸರಿಯಾಗಿ ಕೂರದ ಫಲಕಗಳು ಇವುಗಳಲ್ಲಿ ಯಾವುದು ಕಂಡರೂ ತೊಟ್ಟಿಯನ್ನು ಒಪ್ಪಿಕೊಳ್ಳದಿರುವುದೇ ಲೇಸು. ಆರಂಭದಲ್ಲಿ ಹೇಳಿದ ತೊಟ್ಟಿಯ ಗುಳ್ಳೆಗಳು ಸಾಲಾಗಿ, ತಳದ ಮೂಲೆಯಲ್ಲಿದ್ದವು. 'ಅದೆಲ್ಲ ಸಾಮಾನ್ಯ' ಎಂಬ ಉತ್ತರ ಆ ತೊಟ್ಟಿಗೆ ಅನ್ವಯಿಸದು.

ಕೂದಲೆಳೆಯ ಬಿರುಕು

ಗುಳ್ಳೆಗಿಂತಲೂ ಗಂಭೀರವಾದದ್ದು ಬೆಸುಗೆಯ ಅಕ್ಕಪಕ್ಕದಲ್ಲಿ ಕಾಣುವ ಕೂದಲೆಳೆಯಂಥ ಬಿರುಕುಗಳು. ಟಾರ್ಚನ್ನು ಅತ್ತಿತ್ತ ಆಡಿಸಿದಾಗ ಇವು ಮಿಂಚಿ ಮಾಯವಾಗುತ್ತವೆ. ಹಾಳೆಯೊಳಗೆ ಉಳಿದ ಒತ್ತಡ ಮತ್ತು ದ್ರಾವಕ ಎರಡೂ ಸೇರಿದಾಗ ಇವು ಹುಟ್ಟುತ್ತವೆ. ಬೆಸುಗೆ ಎಷ್ಟೇ ತಿಳಿಯಾಗಿದ್ದರೂ ಸುತ್ತಲಿನ ಹಾಳೆಯೇ ದುರ್ಬಲವಾಗಿದೆ ಎಂಬುದರ ಸೂಚನೆ ಇದು. ಹೊಸ ತೊಟ್ಟಿಯಲ್ಲಿ ಇಂಥ ಬಿರುಕುಗಳಿದ್ದರೆ ಕ್ಷಮೆಯಿಲ್ಲ.

ಒತ್ತಡವನ್ನು ಕಾಣಲು ಮನೆಯಲ್ಲಿಯೇ ಒಂದು ಉಪಾಯವುಂಟು. ಎಲ್‌ಸಿಡಿ ಕಂಪ್ಯೂಟರ್ ಪರದೆಯಲ್ಲಿ ಬಿಳಿ ಪುಟ ತೆರೆದು, ಪರದೆಯ ಮುಂದೆ ತೊಟ್ಟಿಯ ಮೂಲೆ ಬರುವಂತಿರಿಸಿ, ಪೋಲರಾಯ್ಡ್ ತಂಪು ಕನ್ನಡಕದ ಮೂಲಕ ನೋಡಬೇಕು. ಪರದೆ ಕಪ್ಪಾಗುವವರೆಗೆ ಕನ್ನಡಕವನ್ನು ತಿರುಗಿಸಿದರೆ ಒತ್ತಡವಿರುವ ಕಡೆ ಬೆಳಕಿನ ಪಟ್ಟೆಗಳು ಅಥವಾ ಬಣ್ಣಗಳು ಕಾಣಿಸುತ್ತವೆ. ಅಕ್ರಿಲಿಕ್‌ನಲ್ಲಿ ಈ ಪಟ್ಟೆಗಳು ಮಸುಕಾಗಿರುವುದರಿಂದ ಇದನ್ನು ಪೂರಕ ಸಾಕ್ಷ್ಯವೆಂದಷ್ಟೇ ಪರಿಗಣಿಸಬೇಕು.

ಸ್ಪಿರಿಟ್, ಸ್ಯಾನಿಟೈಸರ್, ಅಮೋನಿಯಾ ಇರುವ ಗಾಜು ಸ್ವಚ್ಛಕಗಳನ್ನು ಅಕ್ರಿಲಿಕ್‌ಗೆ ತಾಗಿಸಬಾರದು. ಒತ್ತಡವಿರುವಲ್ಲಿ ಇವು ಬಿರುಕು ಎಬ್ಬಿಸುತ್ತವೆ. ದೋಷ ನೋಡಲೆಂದು ಒರೆಸಿ, ಇಲ್ಲದ ದೋಷವನ್ನು ತಂದುಕೊಳ್ಳುವುದು ಬೇಡ. ಸೌಮ್ಯ ಸಾಬೂನಿನ ನೀರು, ಮೃದುವಾದ ಹತ್ತಿಬಟ್ಟೆ ಸಾಕು.

ಮಳೆಗಾಲದ ಬಿಳುಪು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ದ್ರಾವಕ ವೇಗವಾಗಿ ಆವಿಯಾಗುವಾಗ ಬೆಸುಗೆಯ ಜಾಗ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಅಲ್ಲಿ ಹನಿಗೂಡಿ ಬೆಸುಗೆಯೊಳಗೆ ಸೇರುತ್ತದೆ. ಆಗ ಬೆಸುಗೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಆಷಾಢದ ಜಡಿಮಳೆಯಲ್ಲಿ ಮಲೆನಾಡಿನ ತೆರೆದ ಕಾರ್ಖಾನೆಯಲ್ಲಿ ಮಾಡಿದ ತೊಟ್ಟಿಯಲ್ಲಿ ಈ ಬಿಳುಪು ಬರುವ ಸಂಭವ ಬೇಸಿಗೆಗಿಂತ ಹೆಚ್ಚು. ಊರಿನಲ್ಲಿಯೇ ತೊಟ್ಟಿ ಮಾಡಿಸುವವರು ಒಣಹವೆಯ ತಿಂಗಳುಗಳನ್ನು ಆರಿಸಿಕೊಳ್ಳುವುದು ಉತ್ತಮ. ಮೇಲ್ಮೈಯ ತೆಳು ಬಿಳುಪು ಅಂದದ ದೋಷ. ಬೆಸುಗೆಯ ಆಳದವರೆಗೂ ಬಿಳುಪು ಇಳಿದಿದ್ದರೆ ಅದು ಬಲದ ದೋಷ.

ನೀರು ತುಂಬಿಸುವ ಪರೀಕ್ಷೆ

ಒಣ ಪರೀಕ್ಷೆಯಲ್ಲಿ ಉತ್ತೀರ್ಣವಾದ ತೊಟ್ಟಿಗೆ ಮಾತ್ರ ನೀರಿನ ಪರೀಕ್ಷೆ. ತೊಟ್ಟಿಯನ್ನು ಇರಿಸುವ ಪೀಠ ಸಮತಟ್ಟಾಗಿರಬೇಕು. ತಳವೆಲ್ಲ ಆನಿಕೊಳ್ಳುವಂತೆ ಮುಕ್ಕಾಲು ಇಂಚಿನ ಪ್ಲೈವುಡ್ ಹಾಕಿ, ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಬೇಕು. ಹಳೆಯ ಮನೆಗಳ ಜಗಲಿಗೆ ನೀರು ಹರಿದುಹೋಗಲೆಂದು ಸಣ್ಣ ಇಳಿಜಾರು ಕೊಟ್ಟಿರುವುದುಂಟು. ಓರೆಯಾಗಿ ಕುಳಿತ ತೊಟ್ಟಿಯ ಒಂದು ಬದಿಯ ಬೆಸುಗೆ ಹೆಚ್ಚಿನ ಭಾರ ಹೊರಬೇಕಾಗುತ್ತದೆ.

ಮೊದಲ ದಿನ ಕಾಲುಭಾಗ, ಅನಂತರ ಅರ್ಧ, ಮುಕ್ಕಾಲು, ಪೂರ್ಣ ಹೀಗೆ ಹಂತಹಂತವಾಗಿ ತುಂಬಿಸಬೇಕು. ಪ್ರತಿ ಹಂತದಲ್ಲಿಯೂ ಹೊರಗಿನಿಂದ ಬೆಸುಗೆಯ ಉದ್ದಕ್ಕೂ ಒಣ ಟಿಶ್ಯೂ ಕಾಗದ ಒತ್ತಿ ನೋಡಬೇಕು. ಇಲ್ಲೊಂದು ಎಚ್ಚರಿಕೆ: ಬಾವಿಯ ತಣ್ಣೀರನ್ನು ನೇರವಾಗಿ ತುಂಬಿದರೆ ಮಲೆನಾಡಿನ ತೇವಗಾಳಿಯಲ್ಲಿ ಹೊರಮೈ ಬೆವರುತ್ತದೆ. ಅದನ್ನು ಸೋರಿಕೆಯೆಂದು ಭ್ರಮಿಸುವುದು ಸುಲಭ. ಬೆವರು ಫಲಕದ ತುಂಬ ಹರಡಿರುತ್ತದೆ. ಸೋರಿಕೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹನಿಗಟ್ಟುತ್ತದೆ. ಒಂದು ರಾತ್ರಿ ಕೋಣೆಯಲ್ಲಿಟ್ಟ ನೀರನ್ನು ಬಳಸಿದರೆ ಈ ಗೊಂದಲ ತಪ್ಪುತ್ತದೆ.

ಪೂರ್ಣ ತುಂಬಿದ ಮೇಲೆ ಮುಂಭಾಗದ ಫಲಕಕ್ಕೆ ನೇರವಾದ ಪಟ್ಟಿ ಹಿಡಿದು, ನಡುವೆ ಎಷ್ಟು ಮಿ.ಮೀ. ಉಬ್ಬಿದೆ ಎಂದು ಬರೆದಿಡಬೇಕು. ಸ್ವಲ್ಪ ಉಬ್ಬುವುದು ಅಕ್ರಿಲಿಕ್‌ನ ಸ್ವಭಾವ. 24 ಗಂಟೆ, 3 ದಿನ, 7 ದಿನಗಳ ಬಳಿಕ ಅದೇ ಜಾಗದಲ್ಲಿ ಅಳೆದಾಗ ಅಳತೆ ನೆಲೆನಿಂತಿರಬೇಕು. ಉಬ್ಬು ಬೆಳೆಯುತ್ತಲೇ ಇದ್ದರೆ ಹಾಳೆ ತೆಳುವಾಯಿತು ಅಥವಾ ಮೇಲ್ಪಟ್ಟಿಯ ಬೆಸುಗೆ ಸಡಿಲವಾಗುತ್ತಿದೆ ಎಂದು ತಿಳಿಯಬೇಕು. ಮೊದಲು ನೋಡಿಟ್ಟ ಗುಳ್ಳೆಗಳ ಫೋಟೊವನ್ನು ವಾರದ ಬಳಿಕ ಹೋಲಿಸಿ ನೋಡುವುದೂ ಅಗತ್ಯ. ಮಚ್ಚೆ ದೊಡ್ಡದಾಗಿದ್ದರೆ ಕೂಡಲೇ ನೀರು ಖಾಲಿ ಮಾಡಬೇಕು. ಈ ಏಳು ದಿನ ತೊಟ್ಟಿಗೆ ಮೀನು ಬಿಡಬಾರದು.

ದೋಷ ಕಂಡರೆ ಪರಿಹಾರವೇನು?

ತೊಟ್ಟಿ ಇಳಿಸಿಕೊಂಡ ದಿನವೇ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ದೋಷದ ಫೋಟೊ ತೆಗೆದು, ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಬೇಕು. ಬಿಲ್ಲಿನಲ್ಲಿ ಹಾಳೆಯ ಮಾದರಿ, ದಪ್ಪ, ಬೆಸುಗೆಯ ಖಾತರಿ ಅವಧಿ ನಮೂದಾಗಿರುವಂತೆ ಮೊದಲೇ ನೋಡಿಕೊಳ್ಳಬೇಕು. ಸಣ್ಣ ಸಂದಿಗೆ ತಯಾರಕರೇ ದ್ರಾವಕ ಹಾಯಿಸಿ ಸರಿಪಡಿಸಲು ಸಾಧ್ಯ. ಆದರೆ ತೊಟ್ಟಿ ಸಂಪೂರ್ಣ ಒಣಗಿರಬೇಕು. ಸಿಲಿಕೋನ್ ಬಳಿದು ಕೊಡುತ್ತೇವೆ ಎಂದರೆ ಒಪ್ಪಬಾರದು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕರಿಗೆ ಮುಖ್ಯ ಅನುಕೂಲವೊಂದನ್ನು ಕಲ್ಪಿಸಿದೆ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಬೆಂಗಳೂರಿನಲ್ಲಿ ಕೊಂಡ ತೊಟ್ಟಿಯ ಬಗ್ಗೆ ಹೆಗ್ಗೋಡಿನವರು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ವಸ್ತುವಿಗೆ ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ 2 ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇಲ್ಲೆಲ್ಲ ನೆರವಿಗೆ ಬರುವುದು ಬಿಲ್ಲು ಮತ್ತು ಮೊದಲ ದಿನದ ಫೋಟೊ.

ನೆನಪಿಡಬೇಕಾದ ಅಂಶಗಳು

* ಕಾಸ್ಟ್ ಹಾಳೆ, ಯಂತ್ರದಿಂದ ಹೆರೆದ ಅಂಚು, ಬೆಸುಗೆಯ ದಿನಾಂಕ ಈ ಮೂರನ್ನೂ ಕೇಳಿ ಖಚಿತಪಡಿಸಿಕೊಳ್ಳಿ.
* ಮೊದಲು ತಳದ ಉದ್ದನೆಯ ಬೆಸುಗೆ, ಅದರ ಒಳಮಗ್ಗುಲು. ಬಳಿಕ ತಳಮೂಲೆ, ಮೇಲ್ಪಟ್ಟಿ ನೋಡಿ.
* ದೂರದೂರದ ಸಣ್ಣ ಗುಳ್ಳೆ ಕ್ಷಮ್ಯ. ಸಾಲುಗುಳ್ಳೆ ಅನುಮಾನಾಸ್ಪದ. ತಳಮೂಲೆಯ ಗುಳ್ಳೆಗುಂಪು, ಹಾಯ್ದುಹೋದ ಮಚ್ಚೆ ಮತ್ತು ಕೂದಲೆಳೆಯ ಬಿರುಕು ತಿರಸ್ಕಾರಕ್ಕೆ ಅರ್ಹ.
* ಸ್ಪಿರಿಟ್, ಅಮೋನಿಯಾ ದ್ರವಗಳನ್ನು ತಾಗಿಸಬೇಡಿ.
* ಏಳು ದಿನಗಳ ನೀರಿನ ಪರೀಕ್ಷೆ ಮುಗಿಯುವವರೆಗೆ ಮೀನು ಬಿಡಬೇಡಿ.